ಕೊಟ್ರೇಶ ಹುಟ್ಟು ಹಿಡಿದ ದಿನ

ಆ ಹೊಳೆ ಎಷ್ಟು ಅಗಲ ಅಂತೀರಿ? ಈ ದಡದಿಂದ ಹಾರಿದ ಎಳೆ ಕಾಗೆ ಆ ದಡ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ನಂಬಿಕೆ ಬಾರದವರು ಆ ಕಾಗೆಯನ್ನೇ ಕೇಳಬಹುದು.

ಈ ದಡದಲ್ಲಿ ಹಾಲಪ್ಪಜ್ಜನ ಆಶ್ರಮ. ಶಿಷ್ಯರಿಗೆ ಅವನು ಗುರು; ಸುತ್ತಲಿನ ಜನಕ್ಕೆ ಕಷಾಯ ಕುದಿಸಿ ಕೊಡುವ ವೈದ್ಯ.

ಆ ದಡದಲ್ಲಿ ಹುಲಿಗೆವ್ವನ ಗುಡಿಸಲು. ಹಿಂದೊಮ್ಮೆ ಹಸಿದು ತೂರಾಡುತ್ತ ಬಂದ ಕೊಟ್ರೇಶನಿಗೆ ಮೊದಲು ರೊಟ್ಟಿ, ಪುಂಡಿಪಲ್ಯ ಬಡಿಸಿ, ಆಮೇಲೆ ಹೆಸರು ಕೇಳಿದವಳು ಅವಳು. ಅಜ್ಜನ ಆಶ್ರಮದ ದಾರಿ ತೋರಿಸಿದವಳೂ ಅವಳೇ.

ಶಿಷ್ಯನಾದ ಮೇಲೆ ಕೊಟ್ರೇಶ ಅಜ್ಜನಲ್ಲಿ ಬೇಡಿದ್ದು ಒಂದನ್ನೇ.

"ಅಜ್ಜಾರೆ, ಹರಿಗೋಲು ನಡೆಸೋದು ಕಲಿಸ್ರಿ. ಹುಲಿಗೆವ್ವಗ ಏನರ ಬೇಕಾದಾಗ ನಾನೇ ಹೋಗಬೇಕು."

"ಹರಿಗೋಲು ದಡದಾಗ ಐತಿ," ಅಂದ ಅಜ್ಜ. "ಹುಟ್ಟು ಅದರಾಗ ಐತಿ."

ಇಷ್ಟು ಸಣ್ಣ ಪಾಠ ಕೊಟ್ರೇಶನಿಗೆ ಸಾಲಲಿಲ್ಲ. ಕಂಡಕಂಡವರನ್ನು ಕೇಳುತ್ತ ಹೊರಟ.

ಮೀನುಗಾರ, ಹುಟ್ಟು ಆಳಕ್ಕೆ ಹಾಕು ಅಂದ. ಮರಳು ಸಾಗಿಸುವವನು, ಮೇಲೆ ಮೇಲೆ ಹಾಕು ಅಂದ. ಒಬ್ಬ ನೀರನ್ನೇ ನೋಡು ಅಂದ. ಇನ್ನೊಬ್ಬ, ನೀರು ನೋಡಿದರೆ ತಲೆ ತಿರುಗುತ್ತದೆ, ದಡ ನೋಡು ಅಂದ. ಜೀವಮಾನದಲ್ಲಿ ಹೊಳೆಗೆ ಕಾಲಿಡದ ಕುರಿಗಾಹಿಯೊಬ್ಬ ಎಲ್ಲರಿಗಿಂತ ಹೆಚ್ಚು ಹೇಳಿದ.

ದಿನಾ ಸಂಜೆ ಅಜ್ಜನ ಕಾಲೊತ್ತುತ್ತ ಕೊಟ್ರೇಶ ಇದನ್ನೆಲ್ಲ ಒಪ್ಪಿಸುತ್ತಿದ್ದ. ಅದನ್ನು ಕೇಳಿ ಹೊಳೆಯ ಮೊಸಳೆಗಳು ತಮ್ಮ ಈಜು ತಿದ್ದಿಕೊಂಡವು ಅಂದರೆ ಉತ್ಪ್ರೇಕ್ಷೆಯಾದೀತು. ಮೀನುಗಳು ಮಾತ್ರ ತಿದ್ದಿಕೊಂಡವು.

"ಹಂಗಾರ ನಾಳೆ ಹರಿಗೋಲು ಹತ್ತು," ಅನ್ನುತ್ತಿದ್ದ ಅಜ್ಜ.

"ಇನ್ನೊಬ್ಬರನ್ನ ಕೇಳೋದು ಉಳಿದೈತ್ರಿ," ಅನ್ನುತ್ತಿದ್ದ ಶಿಷ್ಯ.

ಒಂದು ಬೆಳಿಗ್ಗೆ ಆ ದಡದ ಬೇವಿನ ಮರದ ಮೇಲೆ ಕೆಂಪು ಸೀರೆ ಹಾರಿತು.

ಬಿಳಿ ಬಟ್ಟೆ ಕಟ್ಟಿದರೆ ಬಿಡುವಾದಾಗ ಬನ್ನಿ ಎಂದು. ಕೆಂಪು ಕಟ್ಟಿದರೆ ಕೂತಲ್ಲಿಂದಲೇ ಏಳಿ ಎಂದು. ಹೊಳೆಯ ಎರಡೂ ದಡದವರು ನಡೆಸಿಕೊಂಡು ಬಂದ ರೂಢಿ ಅದು. ಹಾರುತ್ತಿದ್ದದ್ದು ಹುಲಿಗೆವ್ವನ ಸೀರೆ. ಅವಳಿಗೆ ಜ್ವರ ಎಂದು ಹಿಂದಿನ ದಿನವೇ ಸುದ್ದಿ ಬಂದಿತ್ತು.

ದಿನಾ ಹೊಳೆ ದಾಟಿಸುವ ಅಂಬಿಗ ತನ್ನ ಮಗಳ ಊರಿಗೆ ಹೋಗಿದ್ದ. ಅಜ್ಜನ ಬಲಭುಜ ಒಮ್ಮೆ ಮುರಿದದ್ದು ಮತ್ತೆ ಮೇಲೆದ್ದಿರಲಿಲ್ಲ.

ಅಜ್ಜ ಎಡಗೈಯಲ್ಲಿ ಕಷಾಯದ ಗಡಿಗೆ ಎತ್ತಿಕೊಂಡ. "ಹುಟ್ಟು ಹಿಡಿ, ಕೊಟ್ರಾ."

"ಅಜ್ಜಾರೆ, ಮ್ಯಾಲಿನ ಊರಾಗ ಹಳೇ ಅಂಬಿಗರೊಬ್ಬರು ಅದಾರ. ಓಡಿಹೋಗಿ ಒಂದು ಮಾತು ಕೇಳಿ ಬಂದುಬಿಡ್ತೀನ್ರಿ."

"ಹೋಗು. ಹೋಗೂ ಮುಂದ, ನೀ ಬರೂತನಕ ಕಾಯ್ತೈತೇನು ಅಂತ ಆ ಜ್ವರಕ್ಕೂ ಒಂದು ಮಾತು ಕೇಳು."

ಕೊಟ್ರೇಶ ಸೀರೆಯನ್ನು ನೋಡಿದ. ಹರಿಗೋಲು ಹತ್ತಿದ. ಅವನ ಕಾಲು ನಡುಗಿದ ರಭಸಕ್ಕೆ ಹುಟ್ಟು ಹಾಕದೆಯೇ ಅದು ಅರ್ಧ ಫರ್ಲಾಂಗು ಹೋಯಿತು.

ಅಲ್ಲಿಂದ ಮುಂದೆ ತಿರುಗತೊಡಗಿತು. ಬೀಸುಕಲ್ಲಿನ ಹಾಗೆ, ಇದ್ದಲ್ಲೇ.

ದಿನಕ್ಕೆ ನಾಲ್ಕು ಮಾತಾಡುವ ಅಜ್ಜ ಆಗ ಬಾಯಿ ತೆರೆದ.

"ಆಳಕ್ಕ ಹಾಕೋ! ಮೀನುಗಾರ ಹೇಳಿಲ್ಲೇನು?"

ಕೊಟ್ರೇಶ ಆಳಕ್ಕೆ ಹಾಕಿದ.

"ಮ್ಯಾಲೆ ಮ್ಯಾಲೆ ಹಾಕೋ! ನೀರು ನೋಡು! ಏ, ದಡ ನೋಡು!"

ಕೊಟ್ರೇಶ ಎರಡನ್ನೂ ನೋಡಿದ. ಎರಡೂ ತಿರುಗುತ್ತಿದ್ದವು.

"ಕುರಿಗಾಹಿ ಏನಂದಿದ್ದ? ಹಾಂ, ಎದ್ದು ನಿಂತು ಹಾಕು ಅಂದಿದ್ದ. ಏಳು, ಏಳು!"

"ಬಾಯಿ ಮುಚ್ರಿ ಅಜ್ಜಾರೆ!"

ಹೊಳೆಯೇ ನಿಂತಂತಾಯಿತು. ಗುರುವಿಗೆ ಹೀಗಂದವನು ಯಾವ ನರಕಕ್ಕೆ ಹೋಗುತ್ತಾನೆ? ಅದೊಂದನ್ನು ಕೊಟ್ರೇಶ ಯಾರನ್ನೂ ಕೇಳಿಟ್ಟುಕೊಂಡಿರಲಿಲ್ಲ.

ಅಜ್ಜ ಬಾಯಿ ಮುಚ್ಚಿದ. ತುಟಿಯಂಚಿನಲ್ಲಿ ನಗುವಿತ್ತು.

ಆಗ ಹರಿಗೋಲಿನ ತೊಗಲಿಗೆ ನೀರು ತಟ್ಟುವುದು ಕೇಳಿಸಿತು. ಹುಟ್ಟು ಅಂಗೈಯಲ್ಲಿ ಎಡಕ್ಕೆ ಎಳೆಯುತ್ತಿತ್ತು. ಕೊಟ್ರೇಶ ಅದನ್ನು ಮುಂದಕ್ಕೆ ಊರಿ, ನೀರನ್ನು ತನ್ನ ಕಡೆಗೆ ಎಳೆದುಕೊಂಡ. ಹರಿಗೋಲು ತಿರುಗಲಿಲ್ಲ. ಒಂದು ಮಾರು ಮುಂದೆ ಹೋಯಿತು.

ಇನ್ನೊಮ್ಮೆ ಎಳೆದ. ಮತ್ತೊಂದು ಮಾರು.

ಹರಿಗೋಲು ದಡ ಸೇರಿದ್ದು ಬೇವಿನ ಮರದಿಂದ ಎಷ್ಟೋ ಕೆಳಗೆ, ಜಾಲಿಮುಳ್ಳಿನ ನಡುವೆ.

"ತಪ್ಪಾತ್ರಿ ಅಜ್ಜಾರೆ. ಮರ ಅಲ್ಲೇ ಉಳೀತು."

"ಕಾಲಾಗ ಏನೈತಿ?"

"ಮಣ್ಣು."

"ಮಣ್ಣಿನ ಮ್ಯಾಲೆ ನಡ್ಯಾಕ ಯಾರನರ ಕೇಳಬೇಕೇನು?"

ಕೊಟ್ರೇಶ ಗಡಿಗೆ ಹೊತ್ತು ಓಡಿದ.

ಮರಕ್ಕೆ ಸೀರೆ ಕಟ್ಟಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. ಅಜ್ಜ ಗುಟುಕು ಗುಟುಕಾಗಿ ಕಷಾಯ ಕುಡಿಸಿದ. ಮಧ್ಯಾಹ್ನ ದಾಟಿದ ಮೇಲೆ ಹುಲಿಗೆವ್ವನ ಹಣೆ ಬೆವರಿತು. ಕಣ್ಣು ತೆರೆದಳು.

"ಹುಟ್ಟು ಹಾಕಿದವರು ಯಾರು?"

"ನಾನವ್ವಾ."

"ಯಪ್ಪಾ, ಹಸಿದಿರ್ತಿ," ಎಂದು ಅವಳು ಏಳಲು ನೋಡಿದಳು.

ಕೊಟ್ರೇಶ ಅವಳ ಪಾದ ಹಿಡಿದು ಕೂತ. ಇಡೀ ಹೊಳೆಗೆ ಸಾಲುವಷ್ಟು ಮಾತು ಕಲಿತವನು "ಮಲಕೋ ಅವ್ವಾ" ಅಂತಷ್ಟೇ ಅಂದ. ಕಣ್ಣು ತುಂಬಿ ಹರಿದವು.

ಹೊರಡುವಾಗ ಪಕ್ಕದ ಮನೆಯಾಕೆ ಒಂದು ಗಂಟು ರೊಟ್ಟಿ ಕಟ್ಟಿಕೊಟ್ಟಳು. ದಾರಿಯಲ್ಲಿ ಕೊಟ್ರೇಶ ಕೇಳಿದ:

"ಅಜ್ಜಾರೆ, ಅಷ್ಟು ಮಂದಿ ಹೇಳಿದ್ದು ಸುಳ್ಳೇನ್ರಿ?"

"ಯಾರೂ ಸುಳ್ಳು ಹೇಳಿಲ್ಲೋ ತಮ್ಮಾ. ಅವರವರ ಹರಿಗೋಲಿಗೆ ಅವರವರ ಮಾತು ಖರೆ. ಪ್ರೀತಿಯಿಂದ ಹೇಳ್ಯಾರ. ನಾಳೆ ಎಲ್ಲರಿಗೂ ಒಂದೊಂದು ರೊಟ್ಟಿ ಕೊಟ್ಟು ಕೈಮುಗಿದು ಬಾ."

"ಕುರಿಗಾಹಿಗೂ?"

"ಅವಗ ಎರಡು ಕೊಡು. ಹೇಳಿ ಹೇಳಿ ದಣಿದಾನ."

ನಗುತ್ತಲೇ ಕೊಟ್ರೇಶ ದಾರಿಯ ಧೂಳಿನಲ್ಲಿ ಅಜ್ಜನಿಗೆ ಅಡ್ಡಬಿದ್ದ. "ಬಾಯಿ ಮುಚ್ರಿ ಅಂದೆ. ಹೊಟ್ಟಿಗೆ ಹಾಕ್ಕೋರಿ ಅಜ್ಜಾರೆ."

"ಏಳು. ಆ ಮಾತು ಕೇಳಾಕ ನಾ ಬಾಳ ದಿನದಿಂದ ಕಾದಿದ್ದೆ."

ದಡಕ್ಕೆ ಬಂದಾಗ ಹೊತ್ತು ಇಳಿದಿತ್ತು. ಗಾಳಿ ದಿಕ್ಕು ಬದಲಿಸಿತ್ತು. ಕೊಟ್ರೇಶ ಹುಟ್ಟು ಕೈಗೆತ್ತಿಕೊಂಡು ತಡೆದ.

"ಅಜ್ಜಾರೆ, ಬರುವಾಗಿನ ಗಾಳಿ ಬ್ಯಾರೆ, ಇದು ಬ್ಯಾರೆ. ಈಗ ಹ್ಯಾಂಗ್ರಿ?"

ಅಜ್ಜ ಹರಿಗೋಲಿನೊಳಗೆ ಕಾಲು ಮಡಚಿ ಮಲಗಿ, ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡ.

"ದಡ ಬಂದ ಮ್ಯಾಲೆ ಎಬ್ಬಿಸು."