ಎರಕದ ಪೈಪಿನ ಭಾರ

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ದೀಕ್ಷೆ ಬೇಡಿಕೊಂಡು ರೇವಣಪ್ಪ ಅಲ್ಲಿಗೆ ಬಂದು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿ ಬಂದಿರಲಿಲ್ಲ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಎಂಬತ್ತರ ಆಸುಪಾಸಿನ ಜೀವ.

ದಿನಾ ಬೆಳಿಗ್ಗೆ ರೇವಣಪ್ಪನದು ಒಂದೇ ಮಾತು. "ಅಜ್ಜಾರ, ದೀಕ್ಷಾ ಯಾವಾಗ ಕೊಡ್ತೀರಿ?"

ಅಜ್ಜಾರು ಏನಾದರೊಂದು ಕೆಲಸ ಹೇಳುವರು.

ಆ ದಿನ ಹೇಳಿದರು, "ಮಾಳಗಿ ಮ್ಯಾಲಿನ ಸಂಡಾಸದ ಪೈಪು ಬುಡದಾಗ ಸೀಳೇತಿ. ಅಷ್ಟು ತಗದು ಹೊಸಾದು ಹಾಕು."

ಹಳೇ ಕಾಲದ ಎರಕದ ಕಬ್ಬಿಣದ ಪೈಪು. ಗೋಡೆಗುಂಟ ಮಾಳಿಗೆಯಿಂದ ನೆಲದವರೆಗೆ ಇಳಿದಿತ್ತು. ಬುಡದ ಬಿರುಕಿನಿಂದ ಹೊಲಸು ನೀರು ಒಸರುತ್ತಿತ್ತು.

ರೇವಣಪ್ಪ ತಲೆ ಎತ್ತಿ ನೋಡಲಿಲ್ಲ. ಬಿರುಕಿಗಿಂತ ಒಂದು ಗೇಣು ಮೇಲೆ ಗರಗಸ ಹಚ್ಚಿದ.

ಅರ್ಧ ಕೊಯ್ಯುವಷ್ಟರಲ್ಲಿ ಅಲಗು ಕಚ್ಚಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಮೇಲಿನಿಂದ ತುಕ್ಕಿನ ಚಕ್ಕೆಗಳು ಅವನ ಹೆಗಲ ಮೇಲೆ ಉದುರಿದವು.

ಪೈಪನ್ನು ಗೋಡೆಗೆ ಹಿಡಿದಿದ್ದ ಪಟ್ಟಿಗಳೆಲ್ಲ ತುಕ್ಕು ತಿಂದು ಸಡಿಲಾಗಿದ್ದವು. ಮೇಲಿನ ಅಷ್ಟೂ ಕಬ್ಬಿಣ ಈಗ ಕೊಯ್ದ ಜಾಗದ ಮೇಲೆಯೇ ಕೂತಿತ್ತು.

ಕಟ್ಟೆಯ ಮೇಲಿದ್ದ ಅಜ್ಜಾರು ಎದ್ದು ಬಂದರು. ಪೈಪಿನ ಜೋಡಣೆಯ ದಪ್ಪ ಅಂಚಿನ ಕೆಳಗೆ ಹೆಗಲು ಕೊಟ್ಟು ನಿಂತರು.

"ಸರೀರಿ ಅಜ್ಜಾರ. ಮೈಮ್ಯಾಲ ಬೀಳತೈತಿ."

"ನಾ ಸರದ್ರ ಯಾರ ಮ್ಯಾಲ ಬೀಳಬೇಕು?"

ರೇವಣಪ್ಪ ಓಡಿದ. ಎರಡು ಮರದ ಕಂಬ, ಒಂದು ಸರಪಳಿ ತಂದ. ಕಂಬಗಳನ್ನು ಅಂಚಿಗೆ ಆನಿಸಿದ, ಸರಪಳಿಯಿಂದ ಪೈಪನ್ನು ಮಾಳಿಗೆಯಿಂದ ಹೊರಚಾಚಿದ್ದ ತೊಲೆಗೆ ಬಿಗಿದ.

ಆಮೇಲಷ್ಟೇ ಅಜ್ಜಾರು ಪಕ್ಕಕ್ಕೆ ಸರಿದರು.

ಗರಗಸ ಸಲೀಸಾಗಿ ಓಡಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ಲಾಸ್ಟಿಕ್ ಪೈಪು ಕೂತಿತು. ಮೇಲಿನಿಂದ ನಾಲ್ಕು ಕೊಡ ನೀರು ಸುರಿದರು. ಒಂದು ಹನಿ ಸೋರಲಿಲ್ಲ.

ಕೈತೊಳೆದು ಬಂದ ರೇವಣಪ್ಪನಿಗೆ ಅಜ್ಜಾರ ಹೆಗಲು ಕಂಡಿತು. ಚರ್ಮ ಕಿತ್ತು ಬಾತುಕೊಂಡಿತ್ತು. ಅವನು ಒಳಗಿನಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಅವರ ಮುಂದಿಟ್ಟ.

"ನಮ್ಮಪ್ಪಗ ಲಕ್ವಾ ಹೊಡದೈತ್ರಿ ಅಜ್ಜಾರ. ಹಾಸಿಗಿಯಿಂದ ಎತ್ತಾಕ ಇಬ್ಬರು ಬೇಕ್ರಿ."

"ಈಗ ಯಾರು ಎತ್ತತಾರ?"

"ನನ್ನ ಹೇಣ್ತಿ ರೀ. ಒಬ್ಬಾಕೀನ."

ಅಜ್ಜಾರು ಹೆಗಲಿಗೆ ಎಣ್ಣೆ ಸವರಿಕೊಂಡರು.

"ಸಂಜಿ ಬಸ್ಸಿಗೆ ಊರಿಗೆ ಹೊಕ್ಕೀನ್ರಿ," ಎಂದು ರೇವಣಪ್ಪ ಎದ್ದ. ಬಾಗಿಲ ತನಕ ಹೋದವನು ನಿಂತು ತಿರುಗಿ ನೋಡಿದ. "ಮತ್ತ ಯಾವಾಗ ಬರ್ಲಿ, ಅಜ್ಜಾರ?"

"ನಿನ್ನ ಹೇಣ್ತಿ ಬುತ್ತಿ ಕಟ್ಟಿ ಕಳಿಸಿದ ದಿನ ಬಾ."