ನಾಲ್ಕು ಕೆಂಪು ಟೋಪಿ

ಲಕ್ಷ್ಮೇಶ್ವರದ ಬಸ್ ಕಂಡಕ್ಟರ್ ಶಿವಪುತ್ರಪ್ಪ ತಲೆ ಎಣಿಸುವುದರಲ್ಲಿ ಎತ್ತಿದ ಕೈ. ಬಸ್ಸು ಎಷ್ಟೇ ತುಂಬಿರಲಿ, ಒಂದು ಸಲ ಕಣ್ಣು ಹಾಯಿಸಿದನೆಂದರೆ ಐವತ್ತಮೂರು ಅಂದರೆ ಐವತ್ತಮೂರೇ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟು ಜಂಬ ಇದ್ದೇ ಇರುತ್ತದೆ.

ಒಂದು ಬೇಸಿಗೆ ರಜೆಯಲ್ಲಿ ಅವನು ತಾಯಿ ಫಕೀರವ್ವ, ಹೆಂಡತಿ ಸುಮಂಗಲಾ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಬೆಂಗಳೂರು ತೋರಿಸಲು ಹೊರಟ. ಬೆಳಿಗ್ಗೆ ರೈಲು ಇಳಿಯುವುದು, ರಾತ್ರಿ ರೈಲಿಗೇ ವಾಪಸ್. ನಡುವೆ ನೋಡಬೇಕಾದ ಜಾಗ ಒಂಬತ್ತು! ವಿಧಾನಸೌಧ ಹದಿನೈದು ನಿಮಿಷ, ಕಬ್ಬನ್ ಪಾರ್ಕ್ ಇಪ್ಪತ್ತು ನಿಮಿಷ, ಹೀಗೆ ಚೀಟಿಯಲ್ಲಿ ಬಸ್ಸಿನ ವೇಳಾಪಟ್ಟಿಯಂತೆ ಬರೆದುಕೊಂಡಿದ್ದ. ಊಟದ ಸಮಯ ಬರೆಯುವುದನ್ನೇ ಮಹಾರಾಯ ಮರೆತಿದ್ದ.

ರೈಲು ಇಳಿದವನೇ ನಾಲ್ಕು ಕೆಂಪು ಟೋಪಿ ಕೊಂಡು ನಾಲ್ವರಿಗೂ ತೊಡಿಸಿದ. ಫಕೀರವ್ವನಿಗೂ ಸೆರಗಿನ ಮೇಲೊಂದು.

"ಈ ವಯಸ್ಸಿನ್ಯಾಗ ನನಗ ಟೋಪಿ ಹಾಕ್ತೀಯೇನೋ ಮಗನ?" ಎಂದು ಮುದುಕಿ ನಕ್ಕಳು.

"ಗದ್ದಲದಾಗ ಎಣಿಸಾಕ ಸಲೀಸು ಆಗ್ತೈತಿ ಬೇ," ಎಂದ ಮಗ.

ಎಣಿಸಿದ್ದೇ ಎಣಿಸಿದ್ದು. ಒಂದು ಜಾಗ ಬಿಡುವಾಗ ಒಮ್ಮೆ, ಬಸ್ಸು ಹತ್ತುವಾಗ ಒಮ್ಮೆ. ಒಂದು, ಎರಡು, ಮೂರು, ನಾಲ್ಕು, ರೈಟ್!

ಐದನೆಯ ಜಾಗ ಲಾಲ್‌ಬಾಗ್. ಅಷ್ಟೊತ್ತಿಗೆ ನಡುನೆತ್ತಿಯ ಬಿಸಿಲು. ಒಂದು ದೊಡ್ಡ ಮರದ ನೆರಳು ಕಂಡು ಫಕೀರವ್ವ ನಿಂತಳು. "ಶಿವಪುತ್ರಾ, ಒಂದ್ ಗಳಿಗಿ ಕೂಡೋಣಪ್ಪ. ರೊಟ್ಟಿ ಗಂಟು ಹಂಗ ಐತಿ." ಬೆಳಿಗ್ಗೆಯಿಂದ ಅವಳು ಹೀಗೆ ಕೇಳಿದ್ದು ಇದು ಮೂರನೆಯ ಸಲ.

"ಇನ್ನೂ ನಾಕು ಜಾಗ ಅದಾವು ಬೇ, ನಡಿ ನಡಿ," ಎಂದು ಅವನು ಚೀಟಿ ನೋಡುತ್ತಲೇ ಮುಂದೆ ನಡೆದ.

ಗೇಟಿನ ಹೊರಗೆ ಬಸ್ಸು ನಿಂತಿತ್ತು, ಕಾಲಿಡಲು ಜಾಗವಿಲ್ಲ. ಹೆಂಡತಿ ಮಕ್ಕಳು ಮುಂದಿನ ಬಾಗಿಲಲ್ಲಿ ನುಗ್ಗಿದರು, ಇವನು ಹಿಂದಿನ ಬಾಗಿಲಲ್ಲಿ. ಜನರ ತಲೆಗಳ ನಡುವೆ ಇಣುಕಿ ನೋಡಿದ. ಕೆಂಪು ಟೋಪಿ ನಾಲ್ಕು. "ರೈಟ್!" ಎಂದು ತಾನೇ ಕೂಗಿಬಿಟ್ಟ. ಆ ಬಸ್ಸಿನ ಕಂಡಕ್ಟರ್ ಇವನನ್ನು ದುರುಗುಟ್ಟಿ ನೋಡಿದ.

ಎರಡು ಸ್ಟಾಪ್ ಕಳೆದು ಜನ ಇಳಿದರು. ಆಗ ನಾಲ್ಕನೆಯ ಟೋಪಿ ಇತ್ತ ತಿರುಗಿತು. ಯಾರದೋ ಮನೆಯ ಹುಡುಗಿ, ಐಸ್‌ಕ್ಯಾಂಡಿ ಚೀಪುತ್ತಿದ್ದಾಳೆ!

"ಅವ್ವ ಎಲ್ಲಿ?"

"ಅಯ್ಯ, ನಿಮ್ಮ ಜೋಡಿ ಅದಾರ ಅಂದ್ಕೊಂಡಿದ್ನಲ್ರಿ!" ಎಂದಳು ಸುಮಂಗಲಾ.

ಮುದುಕಿಗೆ ಓದು ಬಾರದು, ಕೈಯಲ್ಲಿ ಫೋನಿಲ್ಲ, ಈ ಊರಲ್ಲಿ ಗುರುತಿನವರೊಬ್ಬರೂ ಇಲ್ಲ. ಎಲ್ಲರೂ ಇಳಿದು ಆಟೋ ಹಿಡಿದು ಲಾಲ್‌ಬಾಗಿಗೆ ಓಡಿಬಂದರು.

"ಕೆಂಪು ಟೋಪಿ ಹಾಕಿದ ಮುದುಕಿಯನ್ನು ನೋಡಿದಿರಾ?" ಎಂದು ಗೇಟಿನ ಕಾವಲುಗಾರನನ್ನು ಕೇಳಿದ.

"ಕೆಂಪು ಟೋಪಿ ಇಲ್ಲಿ ನೂರು ಓಡಾಡ್ತವೆ ಸ್ವಾಮಿ. ಸೀರೆ ಯಾವ ಬಣ್ಣ ಹೇಳಿ."

ಶಿವಪುತ್ರಪ್ಪ ಹೆಂಡತಿ ಮಕ್ಕಳ ಕಡೆ ತಿರುಗಿದ. ಬೆಳಿಗ್ಗೆಯಿಂದ ಹತ್ತು ಸಲ ತಾಯಿಯನ್ನು ಎಣಿಸಿದ್ದಾನೆ, ಅವಳು ಉಟ್ಟ ಸೀರೆಯ ಬಣ್ಣ ಗೊತ್ತಿಲ್ಲ. ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಕಿರಿಯ ಮಗಳು ಅಕ್ಷತಾ ಅಂಗಿ ಜಗ್ಗಿ ಹೇಳಿದಳು: "ಹಸಿರು ಸೀರಿ ಅಪ್ಪಾ. ಬೆಂಗಳೂರಿಗೆ ಅಂತ ಹೊಸಾದು ಉಟ್ಟಾಳ. ಚಪ್ಪಲಿ ಕಚ್ಚಿ ಎಡಗಾಲಾಗ ಬೊಬ್ಬಿ ಎದ್ದೈತಿ. ಮುಂಜಾನಿಂದ ಕುಂಟಾಕ ಹತ್ಯಾಳ."

ಆ ದೊಡ್ಡ ಮರ ಅವನಿಗೆ ಆಗ ನೆನಪಾಯಿತು. ಚೀಟಿ ಎಲ್ಲಿ ಬಿತ್ತೋ, ಎದ್ದುಬಿದ್ದು ಓಡಿದ.

ಫಕೀರವ್ವ ಅಲ್ಲೇ ಕೂತಿದ್ದಳು. ರೊಟ್ಟಿ ಗಂಟು ಬಿಚ್ಚಿರಲಿಲ್ಲ. ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಿದ್ದಳು.

"ಹೆದರಿಕಿ ಆಗಲಿಲ್ಲೇನು ಬೇ?" ಎಂದು ಅವನು ಅಳುತ್ತಲೇ ಕೇಳಿದ.

"ಆಗಲಾರದ ಇರ್ತೈತೇನು? ಆದ್ರ ನೀ ಸಣ್ಣಾವಿದ್ದಾಗ ಸಂತ್ಯಾಗ ನಾನೇ ಹೇಳ್ತಿದ್ನಲ್ಲ, ತಪ್ಪಿಸ್ಕೊಂಡ್ರ ತಪ್ಪಿಸ್ಕೊಂಡಲ್ಲೇ ಕೂಡು, ಅವ್ವ ಬರ್ತಾಳ ಅಂತ. ಹಂಗ ಕುಂತೆ. ನೀ ಬರ್ತಿ ಅಂತ ಗೊತ್ತಿತ್ತು."

ಶಿವಪುತ್ರಪ್ಪ ತಾಯಿಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬೊಬ್ಬೆ ನೋಡಿದ. ಸುಮಂಗಲಾ ಗಂಟು ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಎಲ್ಲರೂ ಹೊಟ್ಟೆ ತುಂಬ ಉಂಡರು. ಮಕ್ಕಳು ಅಜ್ಜಿಯ ಪಕ್ಕ ಹುಲ್ಲಿನ ಮೇಲೆ ಹೊರಳಾಡಿದರು. ಉಳಿದ ನಾಲ್ಕು ಜಾಗ ಉಳಿದೇ ಹೋದವು. ರೈಲಿನಲ್ಲಿ "ಬೆಂಗಳೂರಾಗ ಯಾವುದು ಚಲೋ ಇತ್ತು?" ಎಂದು ಅಪ್ಪ ಕೇಳಿದರೆ ಮಕ್ಕಳಿಬ್ಬರೂ "ಆ ಗಿಡದ ನೆಳ್ಳು!" ಎಂದರು.

ಮರುವಾರ ಶಿವಪುತ್ರಪ್ಪನ ಬಸ್ಸು ಚಹಾಕ್ಕೆಂದು ದಾರಿಯಲ್ಲಿ ನಿಂತಿತ್ತು. ಹೊರಡುವ ಹೊತ್ತಿಗೆ ಡ್ರೈವರ್ ಹಾರ್ನ್ ಹೊಡೆದು, "ಎಷ್ಟು ಮಂದಿ ಆತು? ಎಣಿಸಿದ್ಯೇನು?" ಎಂದ.

ಶಿವಪುತ್ರಪ್ಪ ಸೀಟು ಸೀಟಿಗೂ ಹೋಗಿ ಒಬ್ಬೊಬ್ಬರ ಮುಖ ನೋಡಿ ಬಂದ. "ತಡಿ. ಮೂರನೇ ಸೀಟಿನ ಹಳದಿ ಸೀರಿ ಅಜ್ಜಿ ಬಂದಿಲ್ಲ. ಆಕಿಗೆ ಮೊಣಕಾಲು ನೋವು, ಸಾವಕಾಶ ಬರ್ತಾಳ," ಎಂದು ಕೆಳಗಿಳಿದು ಅವಳನ್ನು ಕೈಹಿಡಿದು ಹತ್ತಿಸಲು ಹೋದ.

ನೀತಿ: ಜೊತೆಗೆ ಬಂದವರನ್ನು ಎಣಿಸಿದರೆ ಸಾಲದು, ಅವರ ಮುಖ ನೋಡಬೇಕು. ಊರು ನೋಡುವ ಅವಸರದಲ್ಲಿ ನಮ್ಮವರನ್ನು ನೋಡುವುದನ್ನು ಮರೆಯಬಾರದು.