ಹುಲಿಗೆವ್ವನ ಹುಟ್ಟು ಯಾರಿಗೆ?

ಒಂದಾನೊಂದು ಕಾಲದಲ್ಲಿ, ಸೇತುವೆ ಅನ್ನೋ ಮಾತೇ ಇನ್ನೂ ಹುಟ್ಟದಿದ್ದಾಗ, ಹೊಳೆದಂಡೆಯಲ್ಲಿ ಹುಲಿಗೆವ್ವ ಅನ್ನೋ ಅಂಬಿಗರ ಮುದುಕಿ ಇದ್ದಳಂತೆ. ಗಂಡ ಸತ್ತ ಮೇಲೆ ಹರಿಗೋಲು ಅವಳದ್ದು, ಅದನ್ನು ನಡೆಸೋ ಹುಟ್ಟೂ ಅವಳದ್ದು. ಹುಟ್ಟು ಹಿಡಿದವರನ್ನು ಕಂಡರೆ ಊರೇ ಎದ್ದು ನಿಲ್ಲಬೇಕು, ಅದು ಅಲ್ಲಿಯ ಪದ್ಧತಿ. ಆಮೇಲೆ ಅವಳ ಕಣ್ಣು ಮಂಜಾಯಿತಂತೆ. ಮೂವರು ಮಕ್ಕಳು, ಹುಟ್ಟು ಒಂದೇ. ಹೊಲವಾದರೆ ಹಂಚಬಹುದಿತ್ತು. ಅವಳಿಗೆ ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ. ಹುಟ್ಟನ್ನು ಗೋಡೆಗೆ ಒರಗಿಸೋದು, ಮತ್ತೆ ತಗೊಳ್ಳೋದು.

ಹಿರಿಯ ಜಡಿಯಪ್ಪ ಲೆಕ್ಕದಲ್ಲಿ ಗಟ್ಟಿ, ನಡುವಿನ ಫಕೀರಪ್ಪ ಒಗಟಿನಲ್ಲಿ ಗಟ್ಟಿ, ಊರವರು ಇಬ್ಬರನ್ನೂ ಹೊತ್ತು ಮೆರೆಸೋದೊಂದು ಬಾಕಿ. ಕಿರಿಯ ಕೆಂಚ ಯಾವುದರಲ್ಲೂ ಗಟ್ಟಿಯಲ್ಲ. ಅವನನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲವಂತೆ.

ಆಮೇಲೆ ಮುದುಕಿ ಮಕ್ಕಳನ್ನು ಒರೆಗೆ ಹಚ್ಚಿ ನೋಡೋಣ ಅಂತ, ಮೇಲಿನೂರಿನ ತನ್ನ ತಮ್ಮನ ಹರಿಗೋಲಲ್ಲಿ ಆ ದಡಕ್ಕೆ ಹೋಗಿ, ಕಂಬಳಿ ಹೊದ್ದು, ಗುರುತು ಸಿಗಬಾರದು ಅಂತ ಬಾಯಲ್ಲಿ ಹುಣಸೆಬೀಜ ಇಟ್ಟುಕೊಂಡು, ಕೂ ಅಂತ ಕೂಗಿದಳಂತೆ.

ದಿನಕ್ಕೊಬ್ಬರಂತೆ ಹರಿಗೋಲು ನಡೆಸಿ ಅಂತ ಮೂವರಿಗೂ ಹೇಳಿದ್ದಳು, ಆ ದಿನ ಜಡಿಯಪ್ಪನ ಸರದಿ. ಈ ದಡದಿಂದಲೇ ಎಷ್ಟು ಜನ ಅಂತ ಕೇಳಿದ. ಒಬ್ಬಳೇ ಕಣಪ್ಪ ಅಂದಳು. ಒಬ್ಬಳಿಗೋಸ್ಕರ ಯಾರು ಬರ್ತಾರೆ, ಐದು ಜನ ಕೂಡಲಿ ಅಂದ. ಲೆಕ್ಕ ಸರಿಯಾಗೇ ಇತ್ತು. ಸಂಜೆವರೆಗೂ ಕೂಡಲಿಲ್ಲ, ಮುದುಕಿಯ ತಮ್ಮನೇ ಬಂದು ಅವಳನ್ನು ಕರಕೊಂಡು ಹೋದನಂತೆ.

ಮರುದಿನ ಫಕೀರಪ್ಪ. ಬಂದ, ಬಾಣದ ಹಾಗೆ ನೆಟ್ಟಗೆ ಬಂದ. ದಾರಿಯುದ್ದಕ್ಕೂ ಒಗಟು. ಇಷ್ಟು ತಲೆ ನೆರೆತಿದೆ, ಇದೂ ಗೊತ್ತಿಲ್ವಾ ಮುದುಕೀ ಅಂತ ನಗು ಬೇರೆ. ಇಳಿಯುವಾಗ ಅವಳು ಕೆಸರಲ್ಲಿ ಜಾರಿ ಬಿದ್ದಳು. ಅವನು ಆಗಲೇ ಕಟ್ಟೆಯವರಿಗೆ ಅದೇ ಒಗಟು ಹೇಳ್ತಾ ಇದ್ದನಂತೆ.

ಮೂರನೆಯ ದಿನ ಕೆಂಚ. ಉಣ್ಣೋಕೆ ಕೂತವನು ಕೂಗು ಕೇಳಿ ರೊಟ್ಟಿ ಹಿಡಿದುಕೊಂಡೇ ಎದ್ದುಬಂದ. ಉಂಡೆಯೇನವ್ವ ಅಂತ ಅದನ್ನೇ ಅವಳ ಕೈಗಿಟ್ಟ. ಆಮೇಲೆ ನಡುಹೊಳೆಯಲ್ಲಿ ಹರಿಗೋಲು ಬುಗುರಿ ಹಾಗೆ ತಿರುಗಿತಂತೆ. ಹೆದರಬೇಡವ್ವ ಅಂದ, ನನಗೇ ಹೆದರಿಕೆ ಆಗ್ತಿದೆ ಅಂತಾನೂ ಅಂದ. ಹೋಗಿ ದಡ ಹತ್ತಿದ್ದು ಸುಡುಗಾಡಿನ ಹತ್ತಿರ. ಅಲ್ಲಿಂದ ಮುಳ್ಳಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ತಂದನಂತೆ.

ಆಮೇಲೆ ಅವಳ ಚಡಪಡಿಕೆ ಇನ್ನೂ ಹೆಚ್ಚಾಯಿತು. ಇವನ ಕೈಗೆ ಕೊಟ್ಟರೆ ಜನ ಮುಳುಗ್ತಾರೆ. ಜಾಣರ ಕೈಗೆ ಕೊಟ್ಟರೆ ದಡದಲ್ಲೇ ಉಳೀತಾರೆ. ಅಂಗಳವನ್ನು ಸುತ್ತಿ ಸುತ್ತಿ, ಕೊನೆಗೆ ಹೋಗಿ ಹುಟ್ಟನ್ನು ಕೆಂಚನ ಕೈಗೇ ಕೊಟ್ಟುಬಿಟ್ಟಳಂತೆ.

ಊರೆಲ್ಲ ನಕ್ಕಿತು. ಗೌಡ ಅಂದ, ಈ ದಡ್ಡನಿಗೆ ನಾವು ಎದ್ದು ನಿಲ್ಲಬೇಕಾ, ತಲೆ ಕೆಟ್ಟಿದೆಯೇನೇ ಹುಲಿಗೆವ್ವಾ?

ಅವಳು ಅಂದಳಂತೆ, ಹುಟ್ಟು ಹಾಕೋದನ್ನ ಇವನಿಗೆ ನಾನು ಕಲಿಸ್ತೀನಿ ಗೌಡ. ಕೂಗಿದಾಗ ಉಣ್ಣೋದು ಬಿಟ್ಟು ಏಳೋದನ್ನ ಆ ಇಬ್ಬರಿಗೂ ನೀನು ಕಲಿಸು, ನೋಡೋಣ.

ಗೌಡ ಕಲಿಸಲಿಲ್ಲ. ಅವನಿಗೂ ಬರ್ತಿರಲಿಲ್ಲವಲ್ಲ. ಕೆಂಚ ನಿಧಾನಕ್ಕೆ ಕಲಿತ, ಒಂದು ಮಳೆಗಾಲ ಬೇಕಾಯಿತು. ಅವನನ್ನು ಕಂಡು ಮೊದಲು ಎದ್ದು ನಿಂತವರು ಆ ದಡದವರಂತೆ. ಕಾಯ್ತಾ ಕೂತವರು ಅವರೇ ತಾನೆ? ಈ ದಡದವರು ಅವರನ್ನು ನೋಡಿ ಎದ್ದರು. ಮುದುಕಿ ಅವತ್ತು ಗೋಡೆಗೆ ಒರಗಿ, ಕಾಲು ಚಾಚಿ ಕೂತಳಂತೆ.

ಏನು? ಜಾಣನೂ ಆಗಿ ಒಳ್ಳೆಯವನೂ ಆಗಿದ್ದರೆ ಅಂತೀಯಾ? ಅಂಥವನು ಆ ಊರಲ್ಲಿ ಹುಟ್ಟಿರಲಿಲ್ಲ ಮಗಾ. ಕತೆ ಆ ದಡ ಸೇರಿತು, ನೀನು ಈ ದಡದಲ್ಲಿ ಕಣ್ಣು ಮುಚ್ಚಿ ಮಲಗು.